ಹಿಮದಡಿಯ ಸಗಣಿ, ಚೌತಿಯ ಬೆನಕ

ನಿಮ್ಮನ್ನು ಯಾರಾದರೂ ಉತ್ತರ ಧ್ರುವದ ಹತ್ತಿರಕ್ಕೆ ಕರೆದರೆ ಖಂಡಿತ ಹೋಗಿ. ಅಕ್ಕನನ್ನು ಮಾತ್ರ ಕರೆದುಕೊಂಡು ಹೋಗಬೇಡಿ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ, ಹೇಳಿದವರಂತೂ ಇರಲಿಲ್ಲ.

ನಾನು ಕಡೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಬೂಷ್ಟು, ಅಣಬೆಗಳೇ ನನ್ನ ಕಸುಬು. ಅದರಲ್ಲೂ ಸಗಣಿಯ ಮೇಲೆ ಬೆಳೆಯುವ ಬೂಷ್ಟು. ಎಮ್ಮೆದೊಡ್ಡಿ ಕಾವಲಿನ ಹುಲ್ಲು ಬಯಲಿನಲ್ಲಿ ಅಮೃತಮಹಲ್ ದನಗಳ ಹಿಂದೆ ಚೀಲ ಹಿಡಿದು ಓಡಾಡಿ ಓಡಾಡಿ ಊರಿನಲ್ಲಿ ನನಗೆ ‘ಸಗಣಿ ಮೇಡಂ’ ಎಂಬ ಹೆಸರು ಬಂದುಬಿಟ್ಟಿದೆ. ಎದುರಿಗೆ ಯಾರೂ ಕರೆಯುವುದಿಲ್ಲ, ಅಷ್ಟರಮಟ್ಟಿಗೆ ಮರ್ಯಾದೆ ಇದೆ.

ನಾರ್ವೆ ದೇಶದ ಇಂಗ್ರಿಡ್ ಎಂಬಾಕೆಗೆ ನನ್ನ ಈ ಕಸುಬು ಅದು ಹೇಗೋ ಗೊತ್ತಾಗಿ ಪತ್ರ ಬರೆದಳು. ಆಕೆ ಸ್ವಾಲ್ಬಾರ್ಡ್ ಎಂಬ ಧ್ರುವದ್ವೀಪದಲ್ಲಿ ಹಿಮಸಾರಂಗಗಳ ಸಗಣಿಯ ಮೇಲಿನ ಬೂಷ್ಟನ್ನು ಹುಡುಕುವವಳು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ‘ಇದು ಇಂಥದ್ದು’ ಎಂದು ಗುರುತಿಸುವವರು ಈಗ ಕಡಿಮೆಯಂತೆ. ಮೂರು ವಾರ ಬನ್ನಿ ಎಂದಳು. ನಾನು ಹೊರಟೆ. ಅಜ್ಜಂಪುರದಲ್ಲಿರುವ ಅಕ್ಕ ಗಿರಿಜಕ್ಕನ ಮಗಳಿಗೆ ಸುದ್ದಿ ಗೊತ್ತಾಗಿ, “ಚಿಕ್ಕಮ್ಮ, ಅಮ್ಮನೂ ಒಂದ್ಸಲ ವಿಮಾನ ಹತ್ತಲಿ” ಎಂದು ನನ್ನನ್ನು ಒಂದು ಮಾತೂ ಕೇಳದೆ ಟಿಕೆಟ್ ತೆಗೆಸಿಬಿಟ್ಟಳು. ಭಾವನವರು ದನ ಬಿಟ್ಟು ಬರಲ್ಲ ಎಂದು ಮನೆಯಲ್ಲೇ ಉಳಿದರು. ಅವರೇ ಪುಣ್ಯವಂತರು.

ಓಸ್ಲೊ

ವಿಮಾನ ನಿಲ್ದಾಣದಲ್ಲಿ ಅಕ್ಕನ ಚೀಲ ತಡೆದರು. ಒಳಗೆ ಅಕ್ಕಿ, ಅಕ್ಕಿಹಿಟ್ಟು, ಬೆಲ್ಲ, ಕೊಬ್ಬರಿ, ಚಟ್ನಿಪುಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗರಿಕೆ, ಅರಿಶಿನ ಕುಂಕುಮದ ಭರಣಿ. ಅವೆಲ್ಲಕ್ಕಿಂತ ಅವರಿಗೆ ಅನುಮಾನ ಬಂದದ್ದು ವಿಭೂತಿ ಗಟ್ಟಿಯ ಮೇಲೆ. ಕೈಗವಸು ಹಾಕಿದ ಒಬ್ಬ ಎತ್ತರದ ಮನುಷ್ಯ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನನ್ನನ್ನೇ ನೋಡಿದ. ನಾನು ಇಂಗ್ಲಿಷಿನಲ್ಲಿ ಬೂದಿ, ಸಗಣಿ, ಶಿವ ಎಂದು ಏನೋ ತಡವರಿಸುತ್ತಿದ್ದೆ. ಅಕ್ಕ ಅವನ ಕೈಯಿಂದ ಗಟ್ಟಿ ಇಸಿದುಕೊಂಡು, ಮೂರು ಬೆರಳು ಒರೆಸಿ, ತನ್ನ ಹಣೆಗೆ ಎಳೆದುಕೊಂಡು, “ಬಾರಪ್ಪ, ನಿಂಗೂ ಹಚ್ತೀನಿ” ಎಂದು ಕೈ ಚಾಚಿದಳು.

ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. ಸಾಲಿನಲ್ಲಿ ಹಿಂದಿದ್ದವರೆಲ್ಲ ನಗುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೊನೆಗೆ ಯಾವುದೋ ಯಂತ್ರಕ್ಕೆ ಒರೆಸಿ ನೋಡಿ, ಎಲ್ಲವನ್ನೂ ವಾಪಸು ಕೊಟ್ಟು ಕಳಿಸಿದರು.

“ಗರಿಕೆ ಯಾಕೆ ತಂದೆ?” ಎಂದು ರೇಗಿದೆ.

“ನಾವು ಅಲ್ಲಿರೋವಾಗ್ಲೇ ಚೌತಿ ಬತ್ತದಲ್ಲೇ. ಆ ಊರಲ್ಲಿ ಗರಿಕೆ ಸಿಕ್ತದೋ ಇಲ್ವೋ. ಸಗಣಿ ಎಲ್ಲಾದ್ರೂ ಸಿಕ್ಕೇ ಸಿಕ್ತದೆ.”

ನಮ್ಮ ಮನೆಗಳಲ್ಲಿ ಚೌತಿಗಾಗಲಿ, ಯಾವುದೇ ಒಳ್ಳೆಯ ಕೆಲಸಕ್ಕಾಗಲಿ, ಮೊದಲು ಒಂದು ಹಿಡಿ ಸಗಣಿಯನ್ನು ಗೋಪುರದಂತೆ ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ಬೆನಕ ಎಂದು ಕೂರಿಸುತ್ತಾರೆ. ಅಂಗಡಿಯ ಮಣ್ಣಿನ ಗಣಪ ಬರುವುದು ಆಮೇಲೆ. ಅಕ್ಕನ ಮಾತಿಗೆ ನಾನು ಆಗ ಹೆಚ್ಚು ಕಿವಿಗೊಡಲಿಲ್ಲ. ಮುಂದಿನ ವಿಮಾನದ ಬಾಗಿಲು ಯಾವುದೆಂದು ಹುಡುಕುವುದರಲ್ಲೇ ನನ್ನ ಪ್ರಾಣ ಹೋಗುತ್ತಿತ್ತು.

ಲಾಂಗ್‌ಇಯರ್‌ಬೀನ್

ದ್ವೀಪದ ಮುಖ್ಯ ಊರು ಇದು. ಹಿಮ ಸುರಿಯುತ್ತಿರುತ್ತದೆಂದು ಕಾಲೇಜಿನ ಸಹೋದ್ಯೋಗಿಗಳಿಂದ ಉಣ್ಣೆಯ ಕೋಟು ಬೇಡಿ ತಂದಿದ್ದೆ. ಇಳಿದರೆ ಜಡಿಮಳೆ! ಕೆಮ್ಮಣ್ಣುಗುಂಡಿಯ ಶ್ರಾವಣದ ಮಳೆಯಂತೆಯೇ ಅಡ್ಡಡ್ಡ ಹೊಡೆಯುವ ಮಳೆ. ಉಣ್ಣೆ ಕೋಟು ನೀರು ಕುಡಿದು ಕಲ್ಲಿನ ಭಾರವಾಯಿತು. ಛತ್ರಿ ತರಲಿಲ್ಲವಲ್ಲ ಎಂದು ಅಕ್ಕ ಮೂರು ದಿನ ಹಂಗಿಸಿದಳು. ಹಿಂದೆ ಇಷ್ಟು ಮಳೆ ಇರಲಿಲ್ಲ ಎಂದು ಅಲ್ಲಿಯವರೂ ಗೊಣಗುತ್ತಿದ್ದರು. ಚಳಿಗಾಲದಲ್ಲೂ ಮಳೆ ಬಂದು, ಅದು ಹುಲ್ಲಿನ ಮೇಲೆ ಗಾಜಿನಂತೆ ಹೆಪ್ಪುಗಟ್ಟಿ, ಸಾರಂಗಗಳು ಗೊರಸಿನಿಂದ ಕೆರೆದರೂ ಮೇವು ಸಿಗದೆ ಸಾಯುವುದುಂಟಂತೆ. ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಕ್ಕ ತುಂಬ ಹೊತ್ತು ಲೊಚಗುಟ್ಟಿದಳು. ಭಾವನ ಮನೆಯವರು ತಲೆಮಾರುಗಳಿಂದ ಕಾವಲಿನ ದನ ಕಾದವರು. ಮೇವಿಲ್ಲದ ದನದ ಮಾತು ಅವಳ ಹೊಟ್ಟೆಗೆ ತಾಕುತ್ತದೆ.

ಆ ಊರಲ್ಲಿ ಮರ ಎಂಬುದೇ ಇಲ್ಲ. ಬೆಕ್ಕು ಸಾಕುವಂತಿಲ್ಲ. ಊರಿನ ಅಂಚಿನಲ್ಲಿ ಬಿಳಿ ಕರಡಿಯ ಚಿತ್ರದ ಫಲಕವಿದೆ, ಅದನ್ನು ದಾಟಬೇಕೆಂದರೆ ಜೊತೆಯಲ್ಲಿ ಕೋವಿ ಇರಬೇಕು. ಹೂವು ಕೀಳುವಂತಿಲ್ಲ. “ಹೂ ಕೀಳ್ಬಾರ್ದು ಅಂದ್ರೆ ಪೂಜೆ ಹೆಂಗೇ ಮಾಡ್ತಾರೆ?” ಎಂದು ಅಕ್ಕ. ರಾತ್ರಿ ಹನ್ನೊಂದಾದರೂ ಬೆಳಕು ಹೋಗದೆ, “ದೀಪ ಹಚ್ಚೋ ಹೊತ್ತು ಯಾವ್ದು ಅಂತ ಕೇಳೇ ಅವ್ರನ್ನ” ಎಂದು ಕಾಡಿದಳು. ಯಾರನ್ನು ಕೇಳಲಿ ನಾನು?

ಅವಳಿಗೆ ಹಿಡಿಸಿದ್ದು ಒಂದೇ. ಆ ಊರಿನಲ್ಲಿ ಕಚೇರಿಗೆ ಹೋದರೂ ಚಪ್ಪಲಿ, ಬೂಟು ಬಾಗಿಲಲ್ಲೇ ಬಿಡಬೇಕು. ಹಿಂದೆ ಕಲ್ಲಿದ್ದಲ ಗಣಿಯವರು ಕರಿಧೂಳು ಒಳಗೆ ತರಬಾರದೆಂದು ಮಾಡಿಕೊಂಡ ಪದ್ಧತಿಯಂತೆ. “ಇವ್ರು ಮನುಷ್ಯರು ಕಣೇ” ಎಂದು ಅಕ್ಕ ಒಪ್ಪಿಗೆ ಕೊಟ್ಟಳು. ನನಗಂತೂ ಅದರಿಂದ ಮಾನ ಹೋಯಿತು. ಇಂಗ್ರಿಡ್‌ಳ ಪ್ರಯೋಗಾಲಯದ ಬಾಗಿಲಲ್ಲಿ ಬೂಟು ಬಿಚ್ಚಿದರೆ ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಮೊದಲ ಭೇಟಿಯ ಕೈಕುಲುಕು ಮುಗಿಯುವವರೆಗೂ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತಿದ್ದೆ.

ಇಂಗ್ರಿಡ್ ಹೆಚ್ಚುಕಡಿಮೆ ನನ್ನ ವಯಸ್ಸಿನವಳು, ಒಣಕಲು ದೇಹ, ಮಾತು ಕಡಿಮೆ. ಅಕ್ಕ ಅವಳನ್ನು ನೋಡಿದ ಕೂಡಲೇ “ಈ ತಾಯಿ ಹೊಟ್ಟೆಗೆ ಸರಿಯಾಗಿ ತಿನ್ನಲ್ಲ” ಎಂದು ತೀರ್ಪು ಕೊಟ್ಟಳು.

ಗುಡ್ಡದ ಮೇಲೆ

ಚೌತಿಯ ಹಿಂದಿನ ದಿನ, ಶನಿವಾರ, ಇಂಗ್ರಿಡ್ ಕೋವಿ ಹೆಗಲಿಗೆ ಹಾಕಿಕೊಂಡು ನನ್ನನ್ನು ಒಂದು ಗುಡ್ಡಕ್ಕೆ ಕರೆದೊಯ್ದಳು. ಅಲ್ಲಿ ಬೇಸಿಗೆಯಲ್ಲೂ ಕರಗದೆ ಉಳಿದಿರುವ ಒಂದು ಹಿಮದ ಹಾಸು ಇದೆಯೆಂದೂ, ಏಳು ಬೇಸಿಗೆಯಿಂದ ತಾನು ಅಲ್ಲಿಗೆ ಬರುತ್ತಿದ್ದೇನೆಂದೂ ದಾರಿಯಲ್ಲಿ ಹೇಳಿದಳು. ಸಾರಂಗಗಳು ತಲೆತಲಾಂತರದಿಂದ ಆ ಹಿಮದ ಮೇಲೆ ನಿಂತು ಸಗಣಿ ಹಾಕಿವೆ. ಒಂದರ ಮೇಲೊಂದು ಪದರ. ಎಲ್ಲಕ್ಕಿಂತ ಕೆಳಗಿನದು ಎಲ್ಲಕ್ಕಿಂತ ಹಳೆಯದು. ಅದರೊಳಗೆ ಬೂಷ್ಟಿನ ಬೀಜಕಣಗಳು ಮಲಗಿವೆ. ಅವು ಎದ್ದಾವೇ, ಎದ್ದರೆ ಇಂದಿನ ಬೂಷ್ಟಿಗಿಂತ ಹೇಗೆ ಬೇರೆ, ಬೆಚ್ಚಗಾದಂತೆಲ್ಲ ಎಷ್ಟು ಬೇಗ ತಿನ್ನತೊಡಗುತ್ತವೆ, ಇದು ಆಕೆಯ ಪ್ರಶ್ನೆ.

ಯಾಕೆಂದರೆ ಆ ಸೀಮೆಯ ನೆಲವೆಲ್ಲ ಕೊಳೆಯದೆ ಹೆಪ್ಪುಗಟ್ಟಿದ ಬೇರು, ಎಲೆ, ಪಾಚಿ. ಚಳಿ ಕಳೆದರೆ ಬೂಷ್ಟು ಊಟಕ್ಕೆ ಕೂರುತ್ತದೆ. ತಿಂದದ್ದನ್ನು ಇಂಗಾಲದ ಗಾಳಿಯಾಗಿ ಹೊರಗೆ ಬಿಡುತ್ತದೆ, ಆ ಗಾಳಿ ಭೂಮಿಯನ್ನು ಇನ್ನಷ್ಟು ಬೆಚ್ಚಗೆ ಮಾಡುತ್ತದೆ, ಇನ್ನಷ್ಟು ಬೂಷ್ಟು ಊಟಕ್ಕೆ ಏಳುತ್ತದೆ. ಅಕ್ಕನಿಗೆ ಇದನ್ನು ವಿವರಿಸಿದಾಗ, “ಪಂಕ್ತೀಲಿ ಎಲೆ ಹಾಕಿದ್ ಕೂಡ್ಲೇ ಊರೆಲ್ಲ ಬಂದ್ ಕೂತಂಗೆ” ಎಂದಿದ್ದಳು. ನನ್ನ ವಿದ್ಯಾರ್ಥಿಗಳು ಇಷ್ಟು ಚುರುಕಾಗಿದ್ದರೆ ನನ್ನ ರಕ್ತದೊತ್ತಡ ಏರುತ್ತಿರಲಿಲ್ಲ.

ಗುಡ್ಡ ಹತ್ತಿ ನೋಡಿದರೆ ಹಿಮದ ಹಾಸು ಎಲ್ಲಿದೆ? ಹೋದ ವರ್ಷ ಒಕ್ಕಣೆಯ ಕಣದಷ್ಟು ಅಗಲವಿತ್ತಂತೆ. ಈಗ ಒಂದು ಚಾಪೆಯಷ್ಟು ಕೊಳಕು ಹಿಮ, ಅದರ ಸುತ್ತ ಕಪ್ಪು ಒದ್ದೆ ಕಲ್ಲು, ಕಲ್ಲಿನ ನಡುವೆ ಹರಿಯುವ ನೀರು. ಇಂಗ್ರಿಡ್ ಕೋವಿಯನ್ನು ಕಲ್ಲಿಗೆ ಒರಗಿಸಿದಳು. ಆಮೇಲೆ ಮೊಣಕಾಲೂರಿ, ಹಿಮದ ಅಡಿಯಿಂದ ತೆಂಗಿನಕಾಯಿ ಗಾತ್ರದ, ಭಾರಕ್ಕೆ ಒತ್ತಿಕೊಂಡು ಒಂದಾದ ಕಂದು ಸಗಣಿ ಮುದ್ದೆಯನ್ನು ಕೈಗವಸಿನಲ್ಲಿ ಎತ್ತಿ ನಾನು ಹಿಡಿದಿದ್ದ ಡಬ್ಬಿಗೆ ಹಾಕಿದಳು. ಎಲ್ಲಕ್ಕಿಂತ ಕೆಳಗಿನ ಪದರ ಆಕೆಗೆ ಸಿಕ್ಕಿದ್ದು ಇದೇ ಮೊದಲು, ಇದೇ ಕೊನೆ. ಉಳಿದದ್ದು ಆಗಲೇ ನೀರಿನ ಜೊತೆ ಸಮುದ್ರಕ್ಕೆ ಹೋಗಿತ್ತು.

ಆಕೆ ಅಂದು ಸಂಜೆಯೇ ದೋಣಿಯಲ್ಲಿ ಇನ್ನೊಂದು ಕಡೆಗೆ ಹೋಗಿ ಸೋಮವಾರ ಬರಬೇಕಿತ್ತು. ಡಬ್ಬಿಯನ್ನು ಪ್ರಯೋಗಾಲಯದ ಶೀತಕೋಣೆಯಲ್ಲಿಡು ಎಂದು ನನ್ನ ಕೈಗೆ ಕೊಟ್ಟು ಹೋದಳು. ನನ್ನ ಕಾರ್ಡಿಗೆ ಹೊರಬಾಗಿಲು ತೆರೆಯಿತು, ಶೀತಕೋಣೆ ತೆರೆಯಲಿಲ್ಲ. ಒಳಗೆ ನರಪಿಳ್ಳೆ ಇಲ್ಲ. ಇಂಗ್ರಿಡ್‌ಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಮ್ಮ ಕಾಲೇಜಿನ ಫ್ರಿಜ್ ಕೆಟ್ಟು ಕೂತು ಎಷ್ಟೋ ಕಾಲವಾಗಿದೆ, ನನ್ನ ಸಗಣಿಯೆಲ್ಲ ಮನೆಯ ಫ್ರಿಜ್ಜಿನಲ್ಲೇ, ಹಾಲು ಮೊಸರಿನ ಪಕ್ಕದಲ್ಲೇ ಇರುವುದು. ಅದೇ ಅಭ್ಯಾಸಬಲ. ಡಬ್ಬಿಯನ್ನು ನಾವಿದ್ದ ಮನೆಗೆ ತಂದು ಫ್ರಿಜ್ಜಿನಲ್ಲಿ ಅಕ್ಕನ ಮೊಸರಿನ ಪಕ್ಕ ಇಟ್ಟು ಮಲಗಿದೆ. ಅಕ್ಕ ಆಗಲೇ ಗೊರಕೆ ಹೊಡೆಯುತ್ತಿದ್ದಳು.

ಚೌತಿ

ಬೆಳಿಗ್ಗೆ ಎದ್ದು ಶೀತಕೋಣೆಯ ಬೀಗ ಯಾರ ಹತ್ತಿರ ಇರುತ್ತದೆಂದು ಕೇಳಿಕೊಂಡು ಊರೆಲ್ಲ ಸುತ್ತಿದೆ. ಭಾನುವಾರ. ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸಿದರು, ಆ ಇನ್ನೊಬ್ಬರು ಮೀನು ಹಿಡಿಯಲು ಹೋಗಿದ್ದರು. ಕಡೂರಿನ ಕಚೇರಿಗಳನ್ನು ಬೈಯುವಾಗ ಇನ್ನು ಮುಂದೆ ಸ್ವಲ್ಪ ಯೋಚಿಸಬೇಕು. ಒದ್ದೆ ಕಾಲುಚೀಲದಲ್ಲಿ ವಾಪಸು ಬಂದು ಬಾಗಿಲು ತೆರೆದರೆ ಬೆಲ್ಲ ಕೊಬ್ಬರಿಯ ಘಮ. ಅಕ್ಕ ಕಡುಬು ಬೇಯಿಸುತ್ತಿದ್ದಳು. ಪಾತ್ರೆ ತೊಳೆಯುವ ಜಾಗದಲ್ಲಿ ಇಂಗ್ರಿಡ್‌ಳ ಡಬ್ಬಿ ಥಳಥಳ ತೊಳೆದು ಬೋರಲು ಹಾಕಿತ್ತು.

ಕಿಟಕಿಯ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆಯಲ್ಲಿ, ಅಕ್ಷತೆ ಕಾಳಿನ ಮೇಲೆ, ಬೆನಕ ಕೂತಿದ್ದ. ಹಣೆಯ ಜಾಗದಲ್ಲಿ ವಿಭೂತಿ, ಅರಿಶಿನ, ಕುಂಕುಮ. ನೆತ್ತಿಯಲ್ಲಿ ಅಜ್ಜಂಪುರದ ಬಾಡಿದ ಗರಿಕೆ.

“ಅಕ್ಕಾ! ಏನ್ ಮಾಡಿದೀಯೇ ಇದು?”

“ಯಾಕೇ, ವಾಲಿದಾನಾ? ಸರಿಯಾಗೇ ಕೂರ್ಸಿದೀನಲ್ಲ.”

“ಡಬ್ಬೀಲಿದ್ದದ್ದನ್ನ ಯಾಕೆ ಮುಟ್ಟಿದೆ? ಹೊರಗಡೆ ಎಲ್ಲ ಕಡೆ ಬಿದ್ದಿರ್ತದಲ್ಲ, ಅದು ಸಿಗ್ಲಿಲ್ವಾ ನಿಂಗೆ?”

“ಹೊರಗಡೆ ಇರೋದು ಸಗಣೀನೇನೇ? ಮೇಕೆ ಹಿಕ್ಕೆ ಇದ್ದಂಗದೆ. ಹಿಕ್ಕೇಲಿ ಯಾರಾದ್ರೂ ಬೆನಕನ್ನ ಮಾಡ್ತಾರಾ? ಉರುಳ್ಕೊಂಡ್ ಹೋಗ್ತಾನೆ.” ಆಮೇಲೆ ನನ್ನ ಮುಖ ನೋಡಿ ಅವಳ ದನಿ ಇಳಿಯಿತು. “ನೀನೇ ಮೊಸರಿನ ಪಕ್ಕ ಡಬ್ಬೀಲಿ ಮುಚ್ಚಿ ಇಟ್ಟಿದ್ದೆ. ಅನ್ನದ ಪಕ್ಕ ಸಗಣಿ ಇಟ್ರೆ ಪೂಜೆಗೆ ಅಲ್ದೆ ಇನ್ಯಾತಕ್ಕೆ? ನಂಗೋಸ್ಕರ ಎಲ್ಲಿಂದ್ಲೋ ಹುಡುಕಿ ತಂದಿದೀಯ ಅಂತ ಕಣ್ಣಲ್ಲಿ ನೀರೇ ಬಂತು ಕಣೇ.”

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹಬ್ಬದ ದಿನ ಅನ್ನಬಾರದ್ದನ್ನೂ ಅಂದೆ. ಬೇಕಾದರೆ ಹೊರಗಿನದನ್ನು ಕೆರೆದು ಒಳಗಿನದನ್ನಾದರೂ ಉಳಿಸಬಹುದೇ ಎಂದು ಬಗ್ಗಿ ನೋಡಿದರೆ, ಒಳಗೆಲ್ಲ ಹಳದಿ ಗೆರೆ.

“ಮಿದ್ದಿದೀಯೇನೇ?”

“ಮಿದೀದೆ ಬೆನಕ ನಿಲ್ತಾನಾ? ಒಂದ್ ಚಿಟಿಕೆ ಅರಿಶಿನ ಹಾಕಿ, ನೀರು ಚಿಮುಕ್ಸಿ ಚೆನ್ನಾಗಿ ನಾದಿದೆ.”

ಮುಗಿಯಿತು. ಇನ್ನು ಆ ಮುದ್ದೆಯಿಂದ ಯಾವ ಬೂಷ್ಟು ಹುಟ್ಟಿದರೂ ಅದು ಹಿಮದಡಿಯದೋ, ಅಕ್ಕನ ಅಕ್ಕಿಯದೋ, ಗರಿಕೆಯದೋ ಹೇಳಲು ನನ್ನಿಂದಾಗಲಿ ಇಂಗ್ರಿಡ್‌ಳಿಂದಾಗಲಿ ಆಗುವುದಿಲ್ಲ. ಅರಿಶಿನವಂತೂ ಬೂಷ್ಟಿಗೆ ವೈರಿ. ಏಳು ಬೇಸಿಗೆ ಗುಡ್ಡ ಹತ್ತಿದವಳ ಕೊನೆಯ ಮುದ್ದೆ ನನ್ನ ಕೈಯಲ್ಲಿ ಹಾಳಾಯಿತು.

ಇದನ್ನೂ ಬರೆಯಲೇಬೇಕು. ಮಧ್ಯಾಹ್ನ ನಾನು ಬೆನಕನ ಅರಿಶಿನ ಕುಂಕುಮ ಒರೆಸಿ, ಗರಿಕೆ ಕಿತ್ತು, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಇಂಗ್ರಿಡ್‌ಗೆ ಏನು ಗೊತ್ತಾಗುತ್ತದೆ? ಕಂದು ಮುದ್ದೆ ಕಂದು ಮುದ್ದೆಯೇ. ಅಕ್ಕ ಒಲೆಯ ಹತ್ತಿರ ನಿಂತು ನೋಡುತ್ತಿದ್ದಳು.

“ದೇವ್ರನ್ನ ಡಬ್ಬೀಲಿ ಹಾಕಿ ಸುಳ್ಳು ಹೇಳ್ತೀಯೇನೇ?”

“ನಿನ್ನಿಂದಲೇ ಅಲ್ವಾ ಆಗಿದ್ದು?”

“ಹೂಂ, ನನ್ನಿಂದ್ಲೇ. ಹಂಗಂತ ಹೇಳು ಅವ್ಳಿಗೆ. ನಾನೇನು ಓಡಿ ಹೋಗ್ತೀನಾ?”

ಮುಚ್ಚಳ ತೆಗೆದು, ಮುದ್ದೆಯನ್ನು ಮತ್ತೆ ತಟ್ಟೆಯ ಮೇಲಿಟ್ಟೆ. ಅಕ್ಕ ಬಂದು ಗರಿಕೆ ಸಿಕ್ಕಿಸಿದಳು. ಕಡುಬು ಇಬ್ಬರೂ ತಿನ್ನಲಿಲ್ಲ.

ಸೋಮವಾರ

ಇಂಗ್ರಿಡ್ ಬಂದು, ಬೂಟು ಬಿಚ್ಚಿ, ಒಳಗೆ ಕೂತಳು. ನಾನು ಎಲ್ಲವನ್ನೂ ಹೇಳಿದೆ. ಫೋನ್ ಮಾಡದೆ ಇದ್ದದ್ದು, ಫ್ರಿಜ್ಜಿನಲ್ಲಿಟ್ಟದ್ದು, ಮುಚ್ಚಿಡಲು ಹೋಗಿದ್ದು ಕೂಡ. ನಮ್ಮ ಕಾಲೇಜಿನ ಪ್ರಾಂಶುಪಾಲರಾಗಿದ್ದರೆ ಕೂಗಾಡಿ ಅರ್ಧ ಗಂಟೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಈಕೆ ಕೂಗಾಡಲಿಲ್ಲ. ಮುಖ ಮಾತ್ರ ಕೆಂಪಾಗಿ, ಕಣ್ಣು ತುಂಬಿ, “ನಿನ್ನನ್ನು ನಂಬಿ ಕೊಟ್ಟಿದ್ದೆ” ಎಂದಳು. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು.

ಅಕ್ಕ ತಟ್ಟೆಯಲ್ಲಿ ಕಡುಬು ತಂದು ಅವಳ ಮುಂದೆ ಹಿಡಿದಳು. “ತಿನ್ನು ಅನ್ನೇ. ಹೊಟ್ಟೇಲಿ ಏನೂ ಇಲ್ದೆ ಅಳ್ಬಾರ್ದು.” ನಾನು ಅನುವಾದಿಸಲಿಲ್ಲ. ಇಂಗ್ರಿಡ್ ಎದ್ದು ಹೊರಟುಹೋದಳು.

ಒಬ್ಬಳೇ ಮತ್ತೆ ಗುಡ್ಡಕ್ಕೆ ಹೋಗಿದ್ದಳೆಂದು ಆಮೇಲೆ ಗೊತ್ತಾಯಿತು. ಸಂಜೆ ಪ್ರಯೋಗಾಲಯಕ್ಕೆ ಕರೆಸಿದಳು. ಅವಳ ಮೇಜಿನ ಮೇಲೆ ಹೊಸ ಡಬ್ಬಿಗಳು ಸಾಲಾಗಿದ್ದವು, ಎಲ್ಲವೂ ಖಾಲಿ. ಚಾಪೆಯಷ್ಟಿದ್ದ ಹಿಮ ಎರಡು ದಿನದ ಮಳೆಗೆ ಹೋಗಿತ್ತು.

ಅಕ್ಕ ಬೆನಕನ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ಬಂದಿದ್ದಳು. ಎಷ್ಟು ಬೇಡವೆಂದರೂ ಕೇಳಿರಲಿಲ್ಲ. “ನೀರಿಗೆ ಬಿಡ್ಬೇಕಲ್ಲೇ. ಆ ಗುಡ್ಡದ್ ನೀರಿಗೇ ಬಿಡಾಣ. ಅಲ್ಲೀದು ಅಲ್ಲಿಗೆ ಹೋಗ್ಲಿ ಅಂತ ಕೇಳು.”

ಕೇಳಿದೆ. ಇಂಗ್ರಿಡ್ ಆಗದು ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ನನಗೂ ಗೊತ್ತಿದ್ದದ್ದೇ. ಅದರ ಮೇಲೆ ಈಗ ನಮ್ಮೂರಿನ ಅಕ್ಕಿಯ ಬೂಷ್ಟು, ಗರಿಕೆಯ ಬೂಷ್ಟು, ನಮ್ಮ ಕೈಯದು ಎಲ್ಲ ಇದೆ. ಮೊದಲಾದರೆ ಚಳಿಗೆ ಸಾಯುತ್ತಿದ್ದವು, ಈಗ ಅಲ್ಲಿ ಬೇರುಬಿಟ್ಟರೂ ಬಿಟ್ಟಾವು. ಗುಡ್ಡಕ್ಕೂ ಇಲ್ಲ, ಹೊಳೆಗೂ ಇಲ್ಲ, ಕಸದ ಬುಟ್ಟಿಗೂ ಇಲ್ಲ. ಆಟೋಕ್ಲೇವ್‌ಗೆ ಹಾಕಬೇಕು.

ಆಟೋಕ್ಲೇವ್ ಎಂದರೆ ಏನೂ ಉಳಿಯದ ಹಾಗೆ ಹಬೆಯಲ್ಲಿ ಬೇಯಿಸುವ ಯಂತ್ರ. ನಮ್ಮ ಕಾಲೇಜಿನಲ್ಲಿ ಅದಕ್ಕೆ ಅಡುಗೆ ಮನೆಯ ಕುಕ್ಕರನ್ನೇ ಬಳಸುತ್ತೇವೆ. ಅಕ್ಕನಿಗೆ ಹಾಗೆಯೇ ಹೇಳಿದೆ.

“ಬೆನಕನ್ನ ಕುಕ್ಕರ್‌ಗೆ ಹಾಕ್ತಾರಾ?” ಎಂದು ಅವಳು ನನ್ನನ್ನೂ ಇಂಗ್ರಿಡ್‌ಳನ್ನೂ ಯಂತ್ರವನ್ನೂ ನೋಡಿದಳು. ನಾನು ಸಿಡುಕಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ತಟ್ಟೆಯನ್ನು ಮುಂದೆ ಚಾಚಿದಳು. ಇಂಗ್ರಿಡ್ ಅದನ್ನು ತಟ್ಟೆ ಸಮೇತ ಒಳಗಿಟ್ಟು ಬಾಗಿಲು ಮುಚ್ಚಿ, ಗುಂಡಿಯ ಮೇಲೆ ಬೆರಳಿಟ್ಟಳು. ಅಕ್ಕ ಕೈಮುಗಿದು ಕಣ್ಣುಮುಚ್ಚಿ ನಿಂತಿದ್ದಳು. ಇಂಗ್ರಿಡ್ ಕಾದಳು.

“ಹೋಗಿ ಬಾರಪ್ಪ” ಎಂದಳು ಅಕ್ಕ.

“ಏನಂತೆ?” ಎಂದು ಇಂಗ್ರಿಡ್ ಕೇಳಿದಳು.

“ಹೋಗಿ ಬಾ ಅಂತ.”

ಇಂಗ್ರಿಡ್ ಗುಂಡಿ ಒತ್ತಲಿಲ್ಲ. ಆ ಮುಚ್ಚಿದ ಬಾಗಿಲನ್ನೇ ನೋಡುತ್ತ, “ಅದು ಮತ್ತೆ ಬರುವುದಿಲ್ಲ, ಅವಳಿಗೆ ಹೇಳು” ಎಂದಳು.

ನಾನು ಹೇಳಿದೆ. ಅಕ್ಕನಿಗೆ ಸಿಟ್ಟು ಬಂತು.

“ಅಷ್ಟು ನಂಗೊತ್ತಿಲ್ವೇನೇ? ಬರಲ್ಲ ಅಂತ ಗೊತ್ತಿದ್ರೂ ಕಳ್ಸೋವಾಗ ಹಂಗೇ ಅಲ್ವಾ ಹೇಳಾದು? ಇನ್ನೇನು, ತೊಲಗು ಅಂತ ಅಂತಾರಾ?”

ಅದನ್ನು ಇಂಗ್ಲಿಷಿನಲ್ಲಿ ಹೇಳಲು ನಾನು ಪದ ಹುಡುಕಬೇಕಾಯಿತು. ಇಂಗ್ರಿಡ್ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಕ್ಕನ ಹಾಗೆಯೇ, ಅವಳನ್ನು ನೋಡಿ ನೋಡಿ, ಎರಡೂ ಕೈ ಜೋಡಿಸಿದಳು. ಗುಂಡಿಯನ್ನು ಕೊನೆಗೆ ನಾನೇ ಒತ್ತಬೇಕಾಯಿತು.